ಹನ್ನೊಂದು ಪದರದ ಬೀದಿ

ಯೆನ್‌ಖೌ ಪಟ್ಟಣದ ಹಳೇ ಸೇತುವೆ ಬೀದಿಯಲ್ಲಿ ಮನೆಗಳು ಇಪ್ಪತ್ತಮೂರು. ಅವುಗಳ ಜಗಲಿಗಳ ಎತ್ತರವೂ ಇಪ್ಪತ್ತಮೂರು ಬಗೆ. ಮೇಲಂತಸ್ತು ಮುಂಚಾಚಿ ಸೂರಾಗಲಿ, ಅದರ ಕೆಳಗೆ ಮನೆಮನೆಯ ಜಗಲಿಗಳು ಕೈಕೈ ಹಿಡಿದಂತೆ ಕೂಡಿ, ಬಿಸಿಲಿಗೂ ಮಳೆಗೂ ಅಂಜದ ದಾರಿಯಾಗಲಿ ಎಂದು ಕಟ್ಟಿದ ಹಿರಿಯರು ಬಗೆದಿದ್ದರು. ಮಕ್ಕಳು ಮೊಮ್ಮಕ್ಕಳು ಬೇರೆಯೇ ಬಗೆದರು. ನೆರೆಯವನ ನೆಲಕ್ಕಿಂತ ತನ್ನ ನೆಲ ತಗ್ಗಾದರೆ ಮನೆಯ ಭಾಗ್ಯವೆಲ್ಲ ಪಕ್ಕದ ಮನೆಯ ಕಾಲಡಿಯಲ್ಲಿ ಬಿದ್ದಿರಬೇಕಾಗುವುದೆಂದು ನಂಬಿ, ಒಬ್ಬನು ಹೆಬ್ಬೆರಳಿನಷ್ಟು ಏರಿಸಿದರೆ ಮತ್ತೊಬ್ಬನು ಎರಡು ಬೆರಳು ಏರಿಸಿದನು. ಹೀಗೆ ಅರವತ್ತು ವರ್ಷ ಕಳೆಯುವಷ್ಟರಲ್ಲಿ ಆ ಸಾಲುಜಗಲಿಯು ಎಲ್ಲಿಗೂ ಒಯ್ಯದ ಮೆಟ್ಟಿಲಾಗಿ ಹೋಯಿತು. ಮೊಣಕಾಲಿಗೆ ಹೆದರುವ ಹಿರಿಯರು ಕೆಳಗಿಳಿದು, ಸ್ಕೂಟರುಗಳ ನಡುವೆ ಉರಿಬಿಸಿಲಿನ ರಸ್ತೆಯಲ್ಲೇ ನಡೆಯುತ್ತಿದ್ದರು.

ಈ ಮೆಟ್ಟಿಲನ್ನು ಮರಳಿ ದಾರಿಯಾಗಿಸುವ ಹೊಣೆ ಕೋ ಸೂಯೂನಳ ಪಾಲಿಗೆ ಬಂದಿತ್ತು. ವಯಸ್ಸು ಐವತ್ತಮೂರು, ಸಣಕಲು ಮೈ, ಅಗಲವಾದ ಬಟ್ಟೆಯ ಟೋಪಿ. ಹೆಗಲಲ್ಲಿ ಸದಾ ಸುರುಳಿ ಸುತ್ತಿದ ಉದ್ದನೆಯ ಪಾರದರ್ಶಕ ಕೊಳವೆ, ಅದರ ತುಂಬ ನೀರು. ಒಂದು ತುದಿಯನ್ನು ಒಂದು ಜಗಲಿಯಲ್ಲಿಯೂ ಇನ್ನೊಂದು ತುದಿಯನ್ನು ಮುಂದಿನ ಜಗಲಿಯಲ್ಲಿಯೂ ಹಿಡಿದರೆ, ನೀರು ಎರಡು ತುದಿಯಲ್ಲೂ ಒಂದೇ ಮಟ್ಟದಲ್ಲಿ ನಿಂತು, ಜಗಲಿಗಳ ಎತ್ತರದ ಅಂತರ ತಾನಾಗಿ ತಿಳಿಯುವುದು. ಕಚೇರಿಯಲ್ಲಿ ಕೆಂಪು ಬೆಳಕು ಬೀರುವ ಹೊಸ ಉಪಕರಣಗಳಿದ್ದರೂ ಆಕೆ ಈ ಕೊಳವೆಯನ್ನೇ ನೆಚ್ಚಿದ್ದಳು. ಯಂತ್ರ ತೋರಿಸಿದ ಅಂಕಿಯನ್ನು ಮನೆಯವರು ಒಪ್ಪುತ್ತಿರಲಿಲ್ಲ. ನೀರು ತೋರಿಸಿದ್ದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೀದಿಯವರು ಆಕೆಯನ್ನು ಕೊಳವೆ ಅಕ್ಕನೆಂದೇ ಕರೆಯುತ್ತಿದ್ದರು.

ಸೂಯೂನಳ ತಾಯಿ ಬಸ್ಸಿನ ಕಂಡಕ್ಟರಾಗಿದ್ದವಳು. ಬಸ್ ಡಿಪೋದ ಹಿಂದಿನ ವಸತಿಯಲ್ಲಿ ಬೆಳೆದ ಮಗಳಿಗೆ ಮಗ್ಗಿ ಬರುವ ಮೊದಲೇ ಊರಿನ ಮಾರ್ಗಗಳೆಲ್ಲ ಬಾಯಿಪಾಠ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಗರ ಕಚೇರಿಗೆ ನಕ್ಷೆ ನಕಲು ಮಾಡುವವಳಾಗಿ ಸೇರಿ, ಇಪ್ಪತ್ತೆರಡು ವರ್ಷ ಪರರು ಎಳೆದ ಗೆರೆಯ ಮೇಲೆ ಗೆರೆ ಎಳೆದಳು. ಅಗಲವಾದ ಹೊರಬೀದಿಯ ನಕ್ಷೆಯೂ ಆಕೆಯ ಕೈಯಿಂದಲೇ ಮೂಡಿತು. ಅದು ಮುಗಿದ ವರ್ಷ ಬಸ್ಸುಗಳು ಹಳೇ ಸೇತುವೆ ಬೀದಿಯನ್ನು ಬಿಟ್ಟು ಹೊರಬೀದಿಗೆ ಹೋದುವು. ನೆರಳಿಲ್ಲದ, ಅಂಗಡಿಯಿಲ್ಲದ ಆ ಬೀದಿಯ ನಿಲ್ದಾಣದಲ್ಲಿ ಛತ್ರಿ ಹಿಡಿದು ನಿಂತ ತನ್ನ ತಾಯಿಯನ್ನು ಒಂದು ದಿನ ಕಂಡಾಗ ಸೂಯೂನಳಿಗೆ ತಾನು ನಕಲು ಮಾಡಿದ ಕಾಗದಗಳೆಲ್ಲ ನೆನಪಾದುವು. ಅವುಗಳಲ್ಲಿ ಕಾರು ತಿರುಗುವ ಸುತ್ತಳತೆಯಿತ್ತು, ಲಾರಿ ನಿಲ್ಲುವ ತಾವಿತ್ತು. ಮನುಷ್ಯನಿಗೆ ಒಂದು ಚುಕ್ಕೆಯೂ ಇರಲಿಲ್ಲ.

ಮರುವಾರವೇ ಆಕೆ ಯಾರಿಗೂ ಬೇಡವಾಗಿದ್ದ ಕಾಲುದಾರಿ ವಿಭಾಗವನ್ನು ಕೇಳಿ ಪಡೆದಳು. ಸ್ಕೂಟರು ರಿಪೇರಿಯ ಅಂಗಡಿಯಿಟ್ಟಿದ್ದ ಗಂಡ ನಕ್ಕಿದ್ದನು: "ಎಲ್ಲರೂ ನಡೆಯೋ ಹಾಗೆ ಮಾಡಿ ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯಲ್ಲ, ಮಾರಾಯ್ತಿ!"

ಹನ್ನೆರಡು ವರ್ಷಗಳ ತರುವಾಯ ಆ ಕೆಲಸಕ್ಕೆ ಕಾಲ ಕೂಡಿಬಂದಿತು. ರೈಲುನಿಲ್ದಾಣದಿಂದ ಆಸ್ಪತ್ರೆಗೆ ಹೊಸ ಬಸ್ ಮಾರ್ಗವೊಂದು ಮಂಜೂರಾಯಿತು. ಒಳನೆಲವು ತಗ್ಗಾಗಿದ್ದು, ಹತ್ತುವವರಿಗೆ ಮೆಟ್ಟಿಲೇ ಇಲ್ಲದ ಬಸ್ಸುಗಳು ಅವು. ಅವು ಹಳೇ ಸೇತುವೆ ಬೀದಿಯಲ್ಲಿ ಹಾದುಹೋದರೆ ಬೀದಿಯ ವ್ಯಾಪಾರವೂ ಉಳಿದೀತು, ಮುದುಕರೂ ಮನೆಯಿಂದ ಹೊರಬಂದಾರು. ಬಸ್ಸಿನ ಪ್ರಯಾಣ ಬಸ್ಸಿನ ಬಾಗಿಲಲ್ಲಿ ಮೊದಲಾಗುವುದಿಲ್ಲ, ಮನೆಯ ಹೊಸ್ತಿಲಲ್ಲಿ ಮೊದಲಾಗುತ್ತದೆ ಎಂಬುದು ಸೂಯೂನಳ ನಂಬಿಕೆ. ಹೊಸ್ತಿಲಿಂದ ಬಾಗಿಲವರೆಗಿನ ದಾರಿ ಕೆಟ್ಟಿದ್ದರೆ ಎಂಥ ಬಸ್ಸು ತಂದರೂ ಖಾಲಿಯೇ ಓಡುವುದು. ಮೇಲಿನವರು ಅದನ್ನೊಪ್ಪಿ ಒಂದು ಕಟ್ಟಳೆ ಹಾಕಿದರು: ಎಂಟನೆಯ ತಿಂಗಳ ಹುಣ್ಣಿಮೆಯೊಳಗೆ ಇಪ್ಪತ್ತಮೂರು ಮನೆಯವರೂ ಜಗಲಿ ಸಮಮಾಡಲು ಸಹಿ ಹಾಕಬೇಕು, ಒಂದು ಸಹಿ ತಪ್ಪಿದರೂ ಬಸ್ಸು ಹೊರಬೀದಿಗೇ.

ಆರನೆಯ ತಿಂಗಳ ಕೊನೆಗೆ ಇಪ್ಪತ್ತೆರಡು ಸಹಿಗಳಾದುವು. ಉಳಿದದ್ದು ಒಂದೇ ಮನೆ. ಬೀದಿಯ ನಡುವೆ, ಎಲ್ಲಕ್ಕಿಂತ ಎತ್ತರದ ಜಗಲಿಯ ಮೇಲೆ ಕಾಗದದ ಅಂಗಡಿ ಇಟ್ಟುಕೊಂಡಿದ್ದ ವೆಂಗ್ ಥಿಯೆನ್‌ಲು ಎಂಬ ಎಪ್ಪತ್ತೆಂಟರ ಹಿರಿಯರದು.

"ಬಂದ್ಯಾ? ಇವತ್ತು ಯಾರನ್ನ ಹಿಡ್ಕೊಂಡು ಬಂದಿದೀಯ?" ಕೋಳಿಗರಿಯ ಪೊರಕೆಯಿಂದ ಕಾಗದದ ಕಟ್ಟುಗಳ ಧೂಳು ಜಾಡಿಸುತ್ತ ವೆಂಗರು ಕೇಳಿದರು. "ಹೋದ ಸಲ ವಾಸ್ತು ನೋಡೋನ್ನ ತಂದಿದ್ದೆ."

"ಇವತ್ತು ಒಬ್ಳೇ ಬಂದೆ, ದೊಡ್ಡಪ್ಪ."

"ಒಳ್ಳೇದಾಯ್ತು. ಅವನು ಭಾಗ್ಯ ಎಲ್ಲೂ ಹೋಗಲ್ಲ ಅಂತ ಹೇಳ್ತಾ ಹೇಳ್ತಾ ನನ್ನ ಕಡ್ಲೆಕಾಯಿ ಡಬ್ಬಾನೇ ಖಾಲಿ ಮಾಡಿ ಹೋದ."

"ಇಪ್ಪತ್ತೆರಡು ಮನೆಯವರು ಒಪ್ಪಿದಾರೆ. ನೀವೊಬ್ರು..."

"ಇಪ್ಪತ್ತೆರಡು ಜನ ಬಾವಿಗೆ ಬಿದ್ರೆ ನಾನೂ ಬೀಳ್ಬೇಕಾ?"

ಪಕ್ಕದ ಮನೆಯಲ್ಲಿ ಮೀನುಗಂಜಿ ಮಾರುವ ಮೇಯುವೆ ಸೌಟು ಹಿಡಿದೇ ಹೊರಗೆ ಬಂದಳು. ಆಕೆಯ ಜಗಲಿ ವೆಂಗರದಕ್ಕಿಂತ ನಾಲ್ಕು ಬೆರಳು ತಗ್ಗು. "ಬೀಳೋಕೆ ಮೊದ್ಲು ಕೆಳಗಿಳೀಬೇಕಲ್ಲ! ನಮ್ಮ ವೆಂಗಣ್ಣ ಕೆಳಗಿಳಿದದ್ದನ್ನ ಈ ಬೀದೀಲಿ ಯಾರಾದ್ರೂ ಕಂಡಿದಾರಾ?"

"ನಿನ್ನ ಗಂಜಿ ತಳ ಹಿಡೀತಿದೆ, ಹೋಗಿ ನೋಡ್ಕೋ."

"ನಲವತ್ತು ವರ್ಷದಲ್ಲಿ ನನ್ನ ಗಂಜಿ ಒಂದ್ಸಲ ತಳ ಹಿಡಿದಿಲ್ಲ. ನಿಮ್ಮ ಜಗಲಿ ನನ್ನ ನೆತ್ತಿ ಮೇಲೆ ಕೂತಿದೆಯಲ್ಲ, ಅದಕ್ಕೇ ವ್ಯಾಪಾರ ತಳ ಹಿಡಿದಿರೋದು!"

ವೆಂಗರು ಆಕೆಯ ಕಡೆ ನೋಡಲಿಲ್ಲ. "ನೋಡಮ್ಮ ಸೂಯೂನ್, ಎತ್ತರದಲ್ಲಿದ್ದ ಮನೆ ತಗ್ಗಿಗೆ ಇಳೀಬಾರ್ದು. ಅಷ್ಟೇ. ನಾಡಿದ್ದು ಬಿದಿಗೆ. ನೆಲದಜ್ಜನ್ನೇ ಕೇಳ್ತೀನಿ. ಅಜ್ಜ ಮೂರು ಸಲ ಹೂಂ ಅಂದ್ರೆ ಸಹಿ ಹಾಕ್ತೀನಿ, ಆಯ್ತಾ?"

ಬಿದಿಗೆಯ ಬೆಳಿಗ್ಗೆ ಬೀದಿಯ ತುದಿಯಲ್ಲಿ, ನೆಲ ಕಾಯುವ ದೇವರಾದ ನೆಲದಜ್ಜನ ಗುಡಿಯಲ್ಲಿ ವ್ಯಾಪಾರಿಗಳೆಲ್ಲ ನೆರೆದಿದ್ದರು. ಎಲ್ಲಿಯ ನೆಲವಾದರೂ ಆತನ ಮಡಿಲೇ ಆದುದರಿಂದ, ನೆಲದ ಮಾತನ್ನು ಆತನಲ್ಲಿ ಕೇಳುವುದು ಸಲ್ಲುವ ನಡೆಯೇ. ವೆಂಗರು ಹಣ್ಣನ್ನಿಟ್ಟು, ಊದುಬತ್ತಿ ಹಚ್ಚಿ, ಬಾಲಚಂದ್ರನಾಕಾರದ ಎರಡು ಮರದ ಹೋಳುಗಳನ್ನು ಅಂಗೈಗಳ ನಡುವೆ ಹಿಡಿದು ಮೊಣಕಾಲೂರಿದರು. "ಅಜ್ಜಾ, ನಮ್ಮ ಮನೆ ಜಗಲಿ ತಗ್ಗಿಸ್ಲಾ?" ಎಂದು ಕೇಳಿ ನೆಲಕ್ಕೆ ಹಾಕಿದರು. ಎರಡು ಹೋಳುಗಳೂ ಚಪ್ಪಟೆಯ ಮುಖ ಮೇಲಾಗಿ ಬಿದ್ದು ತೊಟ್ಟಿಲಂತೆ ತೂಗಿದುವು. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ, ದೇವರ ನಗು. ಮತ್ತೆ ಹಾಕಿದರು, ಮತ್ತೆ ನಗು. ಮೂರನೆಯ ಸಲವೂ ನಗುವೇ ಬಿದ್ದಾಗ ಸುತ್ತ ನಿಂತವರೂ ನಕ್ಕರು.

"ಬೇಡ ಅಂತ ಅರ್ಥ ಅಲ್ವಾ?" ಎಂದರು ವೆಂಗರು.

ಗುಡಿಯ ಪಾರುಪತ್ತೆಗಾರನು ತಲೆಯಾಡಿಸಿದನು. "ಬೇಡ ಅಂದಿದ್ರೆ ಎರಡೂ ಬೋರಲು ಬೀಳ್ತಿತ್ತು. ಇದು ಹಾಗಲ್ಲ. ಮನಸ್ಸಲ್ಲಿರೋದು ಒಂದು, ನೀನು ಕೇಳ್ತಿರೋದು ಇನ್ನೊಂದು. ಅಜ್ಜನ ಹತ್ರ ಸುತ್ತಿ ಬಳಸಿ ಯಾಕೆ? ನೆಟ್ಟಗೆ ಕೇಳು, ವೆಂಗ್."

ವೆಂಗರ ಮುಖ ಕೆಂಪಾಯಿತು. ಹೋಳುಗಳನ್ನು ಪೀಠದ ಮೇಲಿಟ್ಟು ಸರಸರನೆ ಹೊರಟುಬಿಟ್ಟರು. ಸೂಯೂನ್ ಹಿಂದೆಯೇ ಹೋದಳು. ಸೇತುವೆಯ ಕಟಕಟೆಯ ಬಳಿ ಅವರು ನಿಂತರು. ಕೆಳಗೆ ಕಾಲುವೆಯ ನೀರು ಹಸುರಾಗಿ ನಿಂತಿತ್ತು.

"ದೊಡ್ಡಪ್ಪ, ನೀವು ಕೇಳ್ಬೇಕಿದ್ದದ್ದು ಏನು?"

"ಇಲ್ಲೇ," ಎಂದರು ವೆಂಗರು, ಕಟಕಟೆಯನ್ನು ಮುಟ್ಟಿ. "ಇದರ ಮೇಲೇ ನಮ್ಮಪ್ಪ ಕಾಗದ ಒಣಗಿಸಿದ್ದು. ಆಗ ನನಗೆ ಹದಿನೆಂಟು. ದೊಡ್ಡ ಮಳೆ ಬಂದು ಮೊಣಕಾಲುದ್ದ ನೀರು ಅಂಗಡಿಗೆ ನುಗ್ತು. ಮೂರು ದಿನ ಅಪ್ಪ ಒಂದೊಂದೇ ಹಾಳೆ ಬಿಡಿಸಿ ಇಲ್ಲಿ ಹರವಿದ. ಒಂದೂ ಉಳೀಲಿಲ್ಲ. ಮಾರನೇ ವರ್ಷ ಅವನೂ ಉಳೀಲಿಲ್ಲ. ಜನ ಎದೆನೋವು ಅಂದ್ರು. ನನಗೆ ಗೊತ್ತು ಅದು ಏನು ಅಂತ."

"ಅದಕ್ಕೇ ಜಗಲಿ ಏರಿಸಿದ್ರಾ?"

"ಮತ್ತಿನ್ನೇನು? ನಿಮ್ಮೋರು ಬಂದು ಬಂದು ರಸ್ತೆಗೆ ಡಾಂಬರು ಬಳೀತಾರೆ. ಒಂದು ಪದರ ಬಳಿದ್ರೆ ನೀರು ನನ್ನ ಕಡೆ ಒಂದು ಪದರ ಹತ್ರ ಆಯ್ತು. ನಾನು ಎರಡು ಬೆರಳು ಏರಿಸ್ತೀನಿ. ಅದನ್ನ ನೋಡಿ ಮೇಯುವೆ ಮಾವನೂ ಏರಿಸ್ದ, ಆಚೆಯವನೂ ಏರಿಸ್ದ. ನನಗೆ ಜಂಬ ಅಂತ ಅವ್ರು ತಿಳ್ಕೊಂಡ್ರು."

"ಹಾಗಾದ್ರೆ ಭಾಗ್ಯದ ಮಾತು?"

"ಅದು ಬೀದಿ ಬಾಯಿಗೆ ಹಾಕಿದ ಬೀಗ. ಎಂಬತ್ತರ ಹತ್ರ ಬಂದ ಮುದುಕ ಮಳೆಗೆ ಹೆದರ್ತೀನಿ ಅಂತ ಹೇಳ್ಕೊಂಡು ತಿರುಗೋದಾ?"

ಸೂಯೂನ್ ಮನೆಗೆ ಹೋದರೂ ಆ ಮಾತು ಜೊತೆಯಲ್ಲೇ ಬಂದಿತು. ಒಪ್ಪಿಗೆಯ ಹಾಳೆಯನ್ನು ತೆಗೆದು ಓದಿದಳು. 'ಜಗಲಿಯ ನೆಲ ತಗ್ಗಿಸಲು ಒಪ್ಪಿದ್ದೇನೆ' ಎಂದು ಅಚ್ಚಾಗಿತ್ತು. ಇಪ್ಪತ್ತೆರಡು ಮನೆಯವರಿಂದಲೂ ಇದನ್ನೇ ಕೇಳಿ ಬಂದಿದ್ದಳು. ತನ್ನ ಅಳತೆಯ ಪುಸ್ತಕವನ್ನೂ ತೆರೆದಳು. ಪ್ರತಿಯೊಂದು ಪುಟದಲ್ಲೂ ರಸ್ತೆಯ ಮಟ್ಟವನ್ನು ಸೊನ್ನೆಯೆಂದಿಟ್ಟು, ಜಗಲಿಗಳು ಅದರಿಂದೆಷ್ಟು ಮೇಲಿವೆಯೆಂದು ಬರೆದಿತ್ತು. ಜಗಲಿಗಳ ದೋಷವನ್ನೆಲ್ಲ ಹನ್ನೆರಡು ವರ್ಷ ಅಳೆದಿದ್ದಳು. ರಸ್ತೆಯನ್ನು ಒಮ್ಮೆಯೂ ಅಳೆದಿರಲಿಲ್ಲ. ದೇವರು ನಕ್ಕದ್ದು ವೆಂಗರೊಬ್ಬರನ್ನು ನೋಡಿಯಲ್ಲವೆಂದು ಆಕೆಗೆ ಆಗ ತೋರಿತು.

ಎರಡು ದಿನಗಳಲ್ಲಿ ಆಕೆ ಪರೀಕ್ಷಾಲಯದ ಇಬ್ಬರು ಕೆಲಸಗಾರರನ್ನು ಕರೆತಂದು, ವೆಂಗರ ಅಂಗಡಿಯ ಮುಂದೆ ರಸ್ತೆಯನ್ನು ತಳದವರೆಗೆ ಕೊರೆಸಿದಳು. ಬಾಳೆದಿಂಡಿನಂತಹ ಕಪ್ಪು ತುಂಡೊಂದು ಮೇಲೆ ಬಂದಿತು. ತೊಳೆದು ಜಗಲಿಯ ಮೇಲೆ ಮಲಗಿಸಿದಾಗ ಬೀದಿಯೇ ಸುತ್ತ ನೆರೆಯಿತು. ಪದರದ ಮೇಲೆ ಪದರ; ಕೆಳಗೆ ಬೂದು, ಮೇಲೆ ಹೋದಂತೆ ಕಪ್ಪು.

"ಅಯ್ಯೋ, ಹಬೆಯಲ್ಲಿ ಬೇಯಿಸಿದ ಪದರಕಡುಬು ಇದ್ದ ಹಾಗಿದೆಯಲ್ಲೇ!" ಎಂದಳು ಮೇಯುವೆ. "ನಮ್ಮಮ್ಮ ಒಂಬತ್ತು ಪದರ ಮಾಡ್ತಿದ್ಲು."

ವೆಂಗರು ಕನ್ನಡಕ ಹಾಕಿ, ಬೆರಳಿಟ್ಟು ಎಣಿಸಿದರು. "ನಿಮ್ಮಮ್ಮನ್ನ ಮೀರಿಸಿದಾರೆ. ಹನ್ನೊಂದು." ತುಂಡಿನ ಉದ್ದ ಒಂದು ಮೊಳ. ಅವರು ಸೂಯೂನಳನ್ನು ನೋಡಿದರು. "ಏರಿದ್ದು ಯಾರು ಈಗ ಹೇಳು?"

ಆ ತುಂಡನ್ನೇ ಹೊತ್ತುಕೊಂಡು ಹೋಗಿ ಆಕೆ ತನ್ನ ವಿಭಾಗದ ಮುಖ್ಯ ಎಂಜಿನಿಯರ್ ಛುಂಗನ ಮೇಜಿನ ಮೇಲಿಟ್ಟಳು. ಅವನು ಆಕೆಗಿಂತ ಹದಿನೈದು ವರ್ಷ ಚಿಕ್ಕವನು. ಒಳ್ಳೆಯವನು, ಆದರೆ ನಿಯಮದ ಪುಸ್ತಕವನ್ನು ತಲೆದಿಂಬಾಗಿಸಿಕೊಂಡು ಮಲಗುವವನು.

"ಅಕ್ಕಾ, ಇದೇನು?"

"ನಾವು. ಅರವತ್ತು ವರ್ಷದ ನಾವು. ಸರ್, ಜಗಲಿ ತಗ್ಗಿಸೋದು ಬೇಡ. ರಸ್ತೆ ಕೆರೆಯೋಣ."

"ಡಾಂಬರು ನಮ್ಮ ವಿಭಾಗದ್ದಲ್ಲ."

"ಅವರು ಈ ಚಳಿಗಾಲದಲ್ಲಿ ಹನ್ನೆರಡನೇ ಪದರ ಹಾಕೋಕೆ ಬರ್ತಿದಾರೆ. ಹೇಗಿದ್ರೂ ಯಂತ್ರ ಬರುತ್ತೆ. ಬಳಿಯೋ ಬದಲು ಕೆರೆದು ಹೋಗ್ಲಿ."

ಛುಂಗನು ನೆಲದಡಿಯ ಕೊಳಾಯಿಗಳ ನಕ್ಷೆಯನ್ನು ಹರವಿ ಬಹಳ ಹೊತ್ತು ನೋಡಿದನು. "ಒಂದು ಮೊಳ ಆಗಲ್ಲ. ನೀರಿನ ಕೊಳಾಯಿ ಮೇಲಕ್ಕಿದೆ. ಒಂದು ಗೇಣು ಬೇಕಾದ್ರೆ ತೆಗೀಬಹುದು." ಪೆನ್ಸಿಲು ಕಿವಿಗೆ ಸಿಕ್ಕಿಸಿ ಮತ್ತೆ ಕೇಳಿದನು: "ಆ ವೆಂಗ್ ಮುದುಕರ ಜಗಲಿ ಈಗ ರಸ್ತೆಗಿಂತ ಎಷ್ಟು ಮೇಲಿದೆ?"

"ಎಂಟು ಬೆರಳು."

"ಗೇಣು ಕೆರೆದ್ರೆ, ಅದಕ್ಕೆ ಎಂಟು ಬೆರಳು ಸೇರಿದ್ರೆ..." ಅವನು ಬಸ್ಸಿನ ಅಳತೆಪಟ್ಟಿಯನ್ನು ಎಳೆದುಕೊಂಡನು. ಇಬ್ಬರೂ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ಹೊಸ ಬಸ್ಸಿನ ಒಳನೆಲದ ಎತ್ತರ ಸರಿಯಾಗಿ ಅಷ್ಟೇ ಇತ್ತು.

ನಕ್ಷೆಯಲ್ಲಿ ಬೀದಿಯ ಮೂಲೆಗಿದ್ದ ನಿಲ್ದಾಣವನ್ನು ವೆಂಗರ ಬಾಗಿಲಿಗೆ ತಂದರೆ, ಅವರ ಜಗಲಿಯಿಂದ ಬಸ್ಸಿಗೆ ಅಡುಗೆಮನೆಯಿಂದ ನಡುಮನೆಗೆ ಹೋದಂತೆ ನಡೆದುಹೋಗಬಹುದಾಗಿತ್ತು. ಉಳಿದ ಜಗಲಿಗಳು ಎರಡು ಕಡೆಯಿಂದಲೂ ಆ ಎತ್ತರಕ್ಕೆ ಮೆಲ್ಲನೆ ಏರಿ ಬಂದರೆ ಸಾಕು, ಯಾರೂ ಇಳಿಯಬೇಕಾಗಿಲ್ಲ. ಸ್ಕೂಟರು ನಿಲ್ಲಿಸುವ ಸಾಲೊಂದನ್ನು ಬಿಟ್ಟುಕೊಡಬೇಕು, ಆ ಜಾಗದಲ್ಲಿ ಮಳೆನೀರಿನ ಅಗಲವಾದ ಚರಂಡಿ ಹೋಗಬೇಕು. ಬಾಗಿಲೆದುರು ಕಂಬ ನೆಡುವುದು ಅಶುಭವೆಂದು ಯಾರಾದರೂ ಅನ್ನುವ ಮೊದಲೇ, ನಿಲ್ದಾಣದ ಫಲಕವನ್ನು ಸೂರಿನ ತೊಲೆಗೆ ತೂಗುಹಾಕುವಂತೆ ಸೂಯೂನ್ ಬರೆದಳು. ಆ ನಕ್ಷೆಯಲ್ಲಿ ನಕಲೆಂಬುದು ಒಂದು ಗೆರೆಯೂ ಇರಲಿಲ್ಲ.

ಛುಂಗನು ಡಾಂಬರಿನವರ ಒಪ್ಪಿಗೆ ತಂದುಕೊಟ್ಟ ಮೇಲೆ, ಹೊಸ ಹಾಳೆಗಳನ್ನು ಹಿಡಿದು ಆಕೆ ಇಪ್ಪತ್ತೆರಡು ಮನೆಗಳನ್ನೂ ಮತ್ತೆ ಹತ್ತಿದಳು.

"ಹೋದ ತಿಂಗಳು ಇಳಿಸು ಅಂದೆ, ಈ ತಿಂಗಳು ಏರಿಸು ಅಂತೀಯ," ಎಂದಳು ಮೇಯುವೆ. "ಮುಂದಿನ ತಿಂಗಳು ಹಾರು ಅಂತೀಯಾ?"

"ವೆಂಗ್ ದೊಡ್ಡಪ್ಪನ ಸಮಕ್ಕೆ ನಿಮ್ಮ ಜಗಲಿ ಬರುತ್ತೆ, ಅಕ್ಕ."

"ಅವರ ಸಮಕ್ಕೆ?" ಮೇಯುವೆ ಸೌಟನ್ನು ಕೆಳಗಿಟ್ಟಳು. "ಎಲ್ಲಿ ಸಹಿ ಹಾಕ್ಬೇಕು, ತೋರ್ಸು."

ಹುಣ್ಣಿಮೆಗೆ ನಾಲ್ಕು ದಿನ ಉಳಿದಿರುವಾಗ ವೆಂಗರು ಮತ್ತೆ ಗುಡಿಗೆ ಹೋದರು. ಈ ಸಲ ಯಾರನ್ನೂ ಕರೆಯಲಿಲ್ಲ. ಒಳಗೆ ಪಾರುಪತ್ತೆಗಾರನಿದ್ದನು, ಸೂಯೂನ್ ಬಾಗಿಲ ಬಳಿ ನಿಂತಿದ್ದಳು. "ಅಜ್ಜಾ," ಎಂದರು ಅವರು, ಬಾಗಿಲವರೆಗೂ ಕೇಳುವ ದನಿಯಲ್ಲಿ, "ನನಗೆ ನೀರಿನ ಭಯ. ಇವಳ ಮಾತು ನಂಬಿ ಜಗಲಿ ಊರಿಗೆ ಬಿಟ್ಟುಕೊಟ್ರೆ ನೀರು ಬರಲ್ಲ ತಾನೆ?" ಹೋಳುಗಳು ಒಂದು ಬೋರಲು ಒಂದು ಅಂಗಾತ ಬಿದ್ದುವು, ಒಪ್ಪಿಗೆ. ಎರಡನೆಯ ಸಲವೂ ಒಪ್ಪಿಗೆ. ಮೂರನೆಯ ಸಲ ನಗು.

ಮೂರು ಸಲ ಕೂಡಿ ಬರದಿದ್ದರೆ ಲೆಕ್ಕಕ್ಕಿಲ್ಲ. ಪಾರುಪತ್ತೆಗಾರನು ಬಾಯಿ ತೆರೆಯುವ ಮುನ್ನವೇ ವೆಂಗರು ಮೊಣಕಾಲನ್ನು ಒತ್ತಿಹಿಡಿದು ಎದ್ದರು.

"ಅಜ್ಜನಿಗೂ ಸ್ವಲ್ಪ ಅನುಮಾನ ಇದೆ. ನನಗೂ ಇದೆ. ನಿನಗಿಲ್ವಾ?"

ಸುಳ್ಳು ಹೇಳಿದರೆ ಸಹಿ ಸಿಗುವುದೆಂದು ಆಕೆಗೆ ಅನ್ನಿಸಿತು. "ಇದೆ, ದೊಡ್ಡಪ್ಪ. ಲೆಕ್ಕ ಸರಿಯಾಗೇ ಹಾಕಿದೀನಿ. ಆದ್ರೆ ಮಳೆ ನನ್ನ ಲೆಕ್ಕ ಓದಿಲ್ಲ."

ವೆಂಗರು ಕೈ ಚಾಚಿದರು. "ಕೊಡು ಕಾಗದ. ಒಂದು ಮಾತು. ಮೊದಲನೇ ದೊಡ್ಡ ಮಳೆಗೆ ನೀನು ಬಂದು ನನ್ನ ಜಗಲಿ ಮೇಲೆ ನಿಲ್ಬೇಕು. ನಾನು ಹೋಗು ಅನ್ನೋವರೆಗೂ."

ಚಳಿಗಾಲದಲ್ಲಿ ಕೆಲಸ ಮುಗಿಯಿತು. ಹೊಸ ವರ್ಷದ ಹಬ್ಬ ಕಳೆದ ಮೇಲೆ ಬಸ್ಸು ಬೀದಿಗೆ ಬಂದಿತು. ಕೋಲೂರುವವರೂ ಗಾಲಿಕುರ್ಚಿಯವರೂ ಸೊಪ್ಪಿನ ಗಾಡಿ ಎಳೆಯುವವರೂ ಸೂರಿನ ನೆರಳಿನಲ್ಲಿಯೇ ಸಾಲಾಗಿ ಬಂದು ವೆಂಗರ ಕಾಗದದ ಕಟ್ಟುಗಳ ನಡುವೆ ನಿಲ್ಲತೊಡಗಿದರು. ನಿಂತವರು ಗಂಜಿ ತಿನ್ನಲು ಮೇಯುವೆಯ ಅಂಗಡಿಗೆ ಹೋಗುವರೇ ವಿನಾ ತನ್ನಲ್ಲಿ ಒಂದು ಹಾಳೆಯನ್ನೂ ಕೊಳ್ಳುವುದಿಲ್ಲವೆಂದು ವೆಂಗರು ಗೊಣಗಿದರು. ಆದರೂ ಒಳಗಿದ್ದ ನಾಲ್ಕು ಮಣೆಗಳನ್ನು ತಾವೇ ತಂದು ಹೊರಗಿಟ್ಟರು.

ಐದನೆಯ ತಿಂಗಳ ಒಂದು ಮಧ್ಯಾಹ್ನ ಆಕಾಶ ಹರಿದುಬಿದ್ದಂತೆ ಮಳೆ ಹಿಡಿಯಿತು. ಸೂಯೂನ್ ರೇನ್‌ಕೋಟು ತೊಟ್ಟು ಬಂದು, ಹೇಳಿದ ಜಾಗದಲ್ಲಿ ನಿಂತಳು. ವೆಂಗರು ಪಕ್ಕದಲ್ಲೇ ನಿಂತರು. ಚರಂಡಿ ತುಂಬಿತು. ರಸ್ತೆ ತುಂಬಿತು. ನೀರು ಜಗಲಿಯ ಅಂಚನ್ನು ಅಳೆಯುತ್ತ ಮೇಲೇರಿ, ಎರಡು ಬೆರಳು ಕೆಳಗೆ ಬಂದು ನಿಂತು, ಹಾಗೆಯೇ ಸೇತುವೆಯ ಕಡೆಗೆ ಸರಿದು ಹರಿಯಿತು. ಅಷ್ಟರಲ್ಲಿ ಬಸ್ಸು ಬಂದಿತು. ವೇಗವಾಗಿ ಬಂದು ನಿಂತ ರಭಸಕ್ಕೆ ಅಲೆಯೊಂದೆದ್ದು, ಜಗಲಿಯ ಮೇಲೆ ಹರಡಿ, ಅಡಿಯ ಸಾಲಿನ ಕಾಗದದ ಕಟ್ಟನ್ನು ತೋಯಿಸಿಬಿಟ್ಟಿತು.

ಬಾಗಿಲು ತೆರೆಯಿತು. "ದೊಡ್ಡಪ್ಪ, ಹತ್ತೀರಾ?" ಎಂದನು ಚಾಲಕ.

"ನಾನು ಹತ್ತೋದಿರ್ಲಿ, ಮೊದ್ಲು ನೀನು ಇಳಿ! ಇಳಿದು ನೋಡು! ಅರವತ್ತು ವರ್ಷ ಮಳೆ ಮಾಡೋಕಾಗದ್ದನ್ನ ಒಂದು ಬ್ರೇಕಲ್ಲಿ ಮಾಡಿದೆಯಲ್ಲ, ನಿನ್ನ ಕೈಗೆ ಏನು ಹೇಳ್ಲಿ! ಬೀದಿಗೆ ಬರ್ತಿದೀಯೋ, ದೋಣಿ ಪಂದ್ಯಕ್ಕೆ ಬರ್ತಿದೀಯೋ?"

ಚಾಲಕನು ನಿಜಕ್ಕೂ ಇಳಿದು ಬಂದು, ಒದ್ದೆ ಕಟ್ಟನ್ನು ನೋಡಿ ಟೋಪಿ ತೆಗೆದನು. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು.

"ತಪ್ಪು ಅವನದಲ್ಲ, ದೊಡ್ಡಪ್ಪ," ಎಂದಳು ಸೂಯೂನ್. ಆಕೆಯ ದನಿ ಕುಗ್ಗಿತ್ತು. "ಎತ್ತರ ಬರೆದೆ, ಇಳಿಜಾರು ಬರೆದೆ, ಚರಂಡಿ ಬರೆದೆ. ಬಸ್ಸು ಎಷ್ಟು ಮೆಲ್ಲಗೆ ಬರ್ಬೇಕು ಅಂತ ಬರೀಲಿಲ್ಲ. ಅದು ನನ್ನ ತಪ್ಪು." ಅಲ್ಲಿಯೇ ಪುಸ್ತಕ ತೆಗೆದು, ತೊಯ್ದ ಪುಟದ ಮೇಲೆ ಒಂದು ಸಾಲು ಬರೆದು ಚಾಲಕನಿಗೆ ಓದಿ ಹೇಳಿದಳು; ಅವನು ರೇಡಿಯೋದಲ್ಲಿ ಹಿಂದೆ ಬರುವವರಿಗೆ ತಿಳಿಸಿದನು.

ವೆಂಗರು ಮಣೆಯ ಮೇಲೆ ಕುಳಿತು ಒದ್ದೆ ಕಟ್ಟನ್ನು ಬೋರಲಾಗಿಸಿ ಬಿಚ್ಚಿದರು. ತಳದ ಏಳು ಹಾಳೆಗಳು ತೊಯ್ದಿದ್ದುವು. ಎಂಟನೆಯದರಿಂದ ಆಚೆ ಎಲ್ಲವೂ ಒಣಗಿಯೇ ಇದ್ದುವು. ಆ ಎಂಟನೆಯ ಹಾಳೆಯ ಮೇಲೆ ಅಂಗೈಯನ್ನಿಟ್ಟು ಅವರು ಬಹಳ ಹೊತ್ತು ಹಾಗೆಯೇ ಇದ್ದರು.

ಅರ್ಧ ಗಂಟೆಯ ಮೇಲೆ ಮುಂದಿನ ಬಸ್ಸು ಬಂದಿತು. ಹೊಸ ಸೊಸೆ ಹೊಸ್ತಿಲು ದಾಟುವಂತೆ, ನೀರನ್ನು ಕದಡದೆ ಬಂದು ಜಗಲಿಗೆ ಮೈತಾಗಿಸಿ ನಿಂತಿತು. ಮಳೆ ಸುರಿಯುತ್ತಲೇ ಇತ್ತು. ವೆಂಗರು ತಲೆಯೆತ್ತಲಿಲ್ಲ.

"ಏನು ನೋಡ್ತಾ ನಿಂತಿದೀಯ?" ಎಂದರು. "ಬಸ್ಸು ಬಂತಲ್ಲ. ಮನೇಲಿ ಗಂಡ ಕಾಯ್ತಿರ್ತಾನೆ, ಹೋಗಮ್ಮ."